ಗುರುಸಿದ್ದನ ಮುಲಾಖತ್

...ಅಳಬ್ಯಾಡ ಯವ್ವಾ! ಅಳೂದಿದ್ರ ನಮ್ಮೂರು ಗಬ್ಬೂರಾಗಽ ಅಳಬೇಕಿತ್ತು. ಹದಿನಾಲ್ಕು ತಿಂಗಳ ಮ್ಯಾಲೆ ಈ ರಾಯಚೂರು ಜೇಲಿಗೆ ಬಂದು, ಜಾಳಗಿ ಹಿಡ್ಕೊಂಡು ಅಳಾಕತ್ತೀಯಲ್ಲ... ಯಾರಿಗೆ ತೋರ್ಸಾಕ? ಹೆತ್ತ ಮಗನ ಮ್ಯಾಲೆ ಪೊಲೀಸರಿಗೆ ಹೇಳಿಕಿ ಕೊಟ್ಟಾಕಿ ನೀನಽ ಹೌದಲ್ಲ?

ಏನ್ ನೋಡಾಕತ್ತಿ? ಈ ಗಾಯಾ? ಹಳೇದು ಬಿಡು. ಬಂದ ವಾರದಾಗಽ ಒಳಗಿನ ಕೈದಿಗಳು ಹೊಡದ್ರು. ಸಂಡಾಸದ ಬಾಜೂಕ ಮಲಗಿಸಿದ್ರು. 'ಏ ಗಬ್ಬೂರು, ಕಸಬರಿಗಿ ತಗೋ!' ಹೆಸರಽ ಇದ್ದಿಲ್ಲ ನನಗ. ಹತ್ತೊಂಬತ್ತರ ಹುಡುಗ, ಮೀಸಿ ನೆಟ್ಟಗ ಮೂಡಿಲ್ಲ... ಯಾವಾಂವ ಕೇಳ್ತಾನ? ಒಂದಿನ ತಾಟು ಕಸ್ಕೊಳ್ಳಾಕ ಬಂದವನ ಕೈ ಕಚ್ಚಿಬಿಟ್ಟೆ! ರಕ್ತ ಬರೂಹಂಗ ಕಚ್ಚಿದೆ. ಆವತ್ತಿಂದ ಒಬ್ಬನೂ ಮುಟ್ಟಿಲ್ಲ... ಮುಖಾ ಯಾಕ ತಿರುಗಸ್ತಿ? ಇದಕ್ಕೂ ಹೇಳಿಕಿ ಕೊಡ್ತೀಯೇನು?

ಮೂಕಪ್ಪ ಅಂತ ಒಬ್ಬ ಮುದುಕ ಅದಾನ ನಮ್ಮ ಬ್ಯಾರಕ್ಕಿನಾಗ. ಇಟ್ಟಂಗಿ ಚೂರಿಲೆ ನೆಲದ ಮ್ಯಾಲೆ ಅ, ಆ ಬರದು ಕಲಿಸಿದ. ಏ, ನಗಬ್ಯಾಡ! ಖರೇನ ಹೇಳಾಕತ್ತೀನಿ. ಈಗ ಎಲ್ಲಾರ ಪತ್ರಾ, ಅರ್ಜಿ ನನ್ನ ಕೈಲೇನಽ. ಹಣ್ಣಾದ ತಲಿಯವ್ರು ಬಂದು ಮುಂದ ಕುಂದರ್ತಾರ. 'ಗುರುಸಿದ್ದಪ್ಪಾ, ಮನಿಗೆ ನಾಕು ಸಾಲು ಬರಿಯಪಾ' ಅಂತಾರ. ಗುರುಸಿದ್ದಪ್ಪ ಅಂತಾರ ಯವ್ವಾ, ನನಗ! ಊರಾಗ ಯಾವಾನರ ಅಂದಿದ್ನೇನು?

ಬಿಡುಗಡಿ ಆಗಿ ಬಂದ್ರ ಊರಾಗೂ ಹಂಗಽ ಅನ್ನಿಸ್ಕೋತೀನಿ. ಅದಕ್ಕಽ ಹೇಳಾಕತ್ತೀನಿ, ನೆಟ್ಟಗ ಕೇಳು. ನಾಳಿ ಕೋರ್ಟಿನಾಗ ಜಡ್ಜ್ ಸಾಹೇಬ್ರು ಕೇಳಿದ್ರ, 'ನನ್ನ ಮಗನ ಜೋಡಿ ಚೀಲ ಹೊರ್ತಿದ್ದ ಅಂಬರೀಶ ನೆಲ್ಲಿನ ಚೀಲದ ರಾಶಿ ಮ್ಯಾಲಿಂದ ತಾನಽ ಜಾರಿ ಬಿದ್ದು ಸತ್ತ' ಅನ್ನು. ಅಷ್ಟಽ. ಮಾನ್ವಿ ಅಕ್ಕಿ ಮಿಲ್ಲಿನಾಗ ಅವತ್ತು ಇದ್ದವ್ರು ನಾವು ಮೂರಽ ಮಂದಿ. ನೀ ಕೆಳಗ ಕಸಾ ಹೊಡಿಯಾಕತ್ತಿದ್ದಿ. ಅಂವಾ ಮ್ಯಾಲೆ ಇದ್ದ. ನಾ... ನಾ ದೂರ ನಿಂತಿದ್ದೆ. ಹೌದಲ್ಲ? ಹೂಂ ಅನ್ನು!

ಯವ್ವಾ? ಹೂಂ ಅನ್ನು ಅಂದೆ! ಅಲ್ನೋಡು, ಜೇಲಿನ ಸಾಹೇಬ್ರು ಟೈಮಾತು ಅನ್ನಾಕತ್ತಾರ. ಹಂಗ್ಯಾಕ ನೋಡ್ತಿ? ಬೈಯಿ ಬೇಕಾದ್ರ! ಉಗುಳು!

...

ನೋಡಬ್ಯಾಡ ಹಂಗ.

...ನಗತಿದ್ದ ಯವ್ವಾ ಅಂವಾ. ಬೋರ್ಡು ಓದಾಕ ಬರಲಾರದ ಮಾನ್ವಿ ಬಸ್ಸು ಬಿಟ್ಟು ಜಾಲಹಳ್ಳಿ ಬಸ್ಸು ಹತ್ತಿ ಕುಂತಿದ್ದೆ ಅಂತ, ದಿನಾ ನಗತಿದ್ದ. ಅವತ್ತೂ ನಕ್ಕ. ನಾ ದೂರ ನಿಂತಿದ್ದಿಲ್ಲ. ಎರಡೂ ಕೈ ಹಚ್ಚಿ ದಬ್ಬಿದೆ... ನೀ ಕಸಬರಿಗಿ ಹಿಡ್ಕೊಂಡು ನೋಡಾಕತ್ತಿದ್ದಿ, ಈಗ ನೋಡಾಕತ್ತೀಯಲ್ಲ, ಹಿಂಗಽ.

ಬಂದೆ ಸಾಹೇಬ್ರ, ಬಂದೆ!

ಹೋಗು. ನಾಳಿ ಕಂಡದ್ದಽ ಹೇಳು... ಯವ್ವಾ, ಅಂಬರೀಶನ ಅವ್ವನೂ ಬಂದಿರ್ತಾಳೇನು ಅಲ್ಲಿ?