ರೆಯ್ನಿಯರ್ ಹಂಚಿದ ಪಾರಿವಾಳದ ಪ್ರೋಗ್ರಾಂ

ಹಲೋ... ಯಾರು ಮಾತಾಡ್ತಿರೋದು? ಸೋಯ್ಲಾ ಅತ್ತೆನಾ?... ನಾನು ಅತ್ತೆ, ಓಸ್ಮೆಲ್. ಪಾರಿವಾಳದ ಓಸ್ಮೆಲ್... ಹಾಂ, ಕಾಫಿ ಆಯ್ತು. ಎವೆಲಿಯೋ ಮಾಮನ್ನ ಸ್ವಲ್ಪ ಕರೀರಿ. ತಾರಸಿ ಮೇಲಿದಾರಾ? ಜೋರಾಗಿ ಕೂಗಿ, ಮೊಬೈಲಲ್ಲಿ ದುಡ್ಡು ಕಮ್ಮಿ ಇದೆ...

ಮಾಮ! ಏನು, ಹಗಲೂ ರಾತ್ರಿ ಪಾರಿವಾಳದ ಜೊತೆನೇ ಸಂಸಾರನಾ?... ಹೌದು, ಭಾನುವಾರದ ಪಂದ್ಯದ ವಿಷಯಾನೇ. ಇವತ್ತು ಸಂಜೆ ಒಳಗೆ ಕ್ಲಬ್ಬಿಗೆ ಹಕ್ಕಿಗಳ ವಂಶಾವಳಿ ಕೊಡ್ಬೇಕು, ಅಲ್ವಾ? ನಾನು ಮಾಡಿದ ಕಂಪ್ಯೂಟರ್ ಪ್ರೋಗ್ರಾಮಲ್ಲಿ ತುಂಬಿಟ್ಟಿದೀರಿ ತಾನೇ?...

ಏನು? ರೆಯ್ನಿಯರ್ ಪ್ರೋಗ್ರಾಮಲ್ಲಾ?...

ಮಾಮ, ನೀವೂನಾ?... ಕ್ಲಬ್ಬಿನೋರೆಲ್ಲಾ ಅದನ್ನೇ ಹಾಕ್ಕೊಂಡಿದಾರಾ? ಆ ಜಿಪುಣ ಎಲಾದಿಯೋನೂ?... ನಂದು ಓಪನ್ನೇ ಆಗಲ್ವಾ? ನಮ್ಮನೇಲಿ ಚೆನ್ನಾಗೇ ಆಗುತ್ತೆ! ನಿಮ್ಮ ಕಂಪ್ಯೂಟರಲ್ಲಿ ಡೇಟಾಬೇಸ್ ಸಾಫ್ಟ್‌ವೇರ್ ಇಲ್ಲ, ಅದಕ್ಕೆ ನಾನೇನ್ ಮಾಡ್ಲಿ? ಮೊದ್ಲು ಅದನ್ನ ಇಂಟರ್ನೆಟ್ಟಿಂದ ಇಳಿಸ್ಕೊಂಡು... ಗೊತ್ತು ಮಾಮ, ನಿಮ್ಮನೇಲಿ ಇಂಟರ್ನೆಟ್ ಇಲ್ಲ. ಈ ಬೀದೀಲಿ ಯಾರ ಮನೇಲೂ ಇಲ್ಲ...

ಕುಣಿಲಾರದೋಳು ನೆಲ ಡೊಂಕು ಅಂದ್ಲಂತೆ, ಅಂತೀರಾ? ಅನ್ನಿ, ಅನ್ನಿ...

ಹಾಂ, ಕೇಳಿದೀನಿ. ಒಂದೇ ಫೋಲ್ಡರು, ಬೇಕಾದ್ದೆಲ್ಲಾ ಅದರೊಳಗೇ, ಒತ್ತಿದ್ರೆ ತೆರ್ಕೊಳ್ಳುತ್ತೆ. ಓಲ್ಗಿನ್ ಊರು ಪೂರ್ತಿ ಇದೇ ಭಜನೆ! ಆ ರೆಯ್ನಿಯರ್‌ಗೆ ಪಾರಿವಾಳದ ಬಗ್ಗೆ ಏನ್ ಗೊತ್ತು ಮಾಮ? ಸೋಮವಾರ ಬಂತು ಅಂದ್ರೆ ಡಿಸ್ಕ್ ಹಿಡ್ಕೊಂಡು ಮನೆಮನೆಗೆ ಸೀರಿಯಲ್ಲು, ಸಿನಿಮಾ ತುಂಬಿಕೊಡೋನು. ಅದರ ಜೊತೆಗೆ ಇದನ್ನೂ ಹಂಚಿಬಿಟ್ಟ. ಎರಡು ವರ್ಷ ಕೂತು ನಾನೊಂದು ಮಾಡಿದ್ರೆ ಯಾರೂ ಮೂಸಿ ನೋಡಲ್ಲ...

ಹೌದು, ಹೊಟ್ಟೆಕಿಚ್ಚೇ! ಉರೀತಿದೆ. ನಿಮ್ಮ ಹತ್ರ ಏನ್ ಮುಚ್ಚುಮರೆ?...

ನಾನಾ? ನೋಡಿಲ್ಲ, ನೋಡೋದೂ ಇಲ್ಲ. ನನ್ನ ಹೆಂಡ್ತಿ ಇಡಾಲ್ಮಿಸ್ ತಂದು ತೋರಿಸ್ತೀನಿ ಅಂದ್ಲು. ಅದು ನಮ್ಮನೆ ಹೊಸ್ತಿಲು ದಾಟಕೂಡದು ಅಂದೆ. ಮೂರು ದಿನ ಮಾತು ಬಿಟ್ಟಿದ್ಲು...

ಮಾಮ, ಒಂದು ಮಾತು. ಹೇಳ್ಬಾರ್ದು ಅಂತಿದ್ದೆ... ಅದರಲ್ಲಿ ವೈರಸ್ ಇದೆ... ಹೌದು, ಗ್ಯಾರಂಟಿ. ತೆಗೆದುಬಿಡಿ, ಈಗ್ಲೇ. ಊಟ ಆದ್ಮೇಲೆ ನನ್ನ ಕಂಪ್ಯೂಟರನ್ನೇ ಹೊತ್ಕೊಂಡು ಬರ್ತೀನಿ, ಅದರಲ್ಲೇ ವಂಶಾವಳಿ ಮಾಡ್ಕೊಡ್ತೀನಿ. ಕೂತ್ರಾ? ಆ ಫೋಲ್ಡರ್ ಮೇಲೆ ಒಂದ್ಸಲ ಒತ್ತಿ. ಈಗ ಶಿಫ್ಟ್... ಮೇಲ್ಮುಖ ಬಾಣ ಇರೋದು, ಹಾಂ, ಬಿಡ್ಬೇಡಿ, ಒತ್ತಿ ಹಿಡ್ಕೊಂಡಿರಿ. ಡಿಲೀಟ್. ಕಸದಬುಟ್ಟೀಲೂ ಉಳೀಬಾರ್ದು ಅದು!... ಕೇಳುತ್ತೆ, ಹೌದು ಅಂತ ಒತ್ತಿ... ಹೋಯ್ತಾ? ಪೂರ್ತಿ ಹೋಯ್ತಾ?...

ಆಹಾ. ಈಗ ಹೊಟ್ಟೆ ತಣ್ಣಗಾಯ್ತು...

ಏನಂದ್ರಿ? ಚಿತ್ರಕ್ಕೆ ಬೇಜಾರಾ? ಯಾವ ಚಿತ್ರ?... ಓಪನ್ ಆದ ತಕ್ಷಣ ಬರ್ತಿತ್ತಾ? ಒಕ್ಕಣ್ಣಿನ ಹಕ್ಕಿ?... ಯಾವ ಕಣ್ಣಿರ್ಲಿಲ್ಲ ಮಾಮ? ಎಡಗಣ್ಣಾ? ಕುತ್ತಿಗೇಲಿ ದಾಲ್ಚಿನ್ನಿ ಬಣ್ಣ?...

ಮಾಮ... ಅದು ನನ್ನ ಕನೇಲಾ. ಗಿಡುಗ ಹೊತ್ಕೊಂಡು ಹೋಯ್ತಲ್ಲ, ಅವಳು. ಆ ಫೋಟೋ ನಾನು ಹಾಕಿದ್ದು ನನ್ನ ಪ್ರೋಗ್ರಾಮಿಗೆ. ಅವಂದಕ್ಕೆ ಹೇಗೆ ಬಂತು? ಕೆಳಗೆ ಏನಾದ್ರೂ ಬರ್ದಿತ್ತಾ?... ಕನ್ನಡಕ ಇಲ್ದೆ ಓದಲ್ವಾ? ಅಯ್ಯೋ ದೇವ್ರೇ, ಅತ್ತೆಗೆ ಕೊಡಿ ಫೋನು!...

ಅತ್ತೆ, ರೆಯ್ನಿಯರ್ ಅದನ್ನ ಹಾಕುವಾಗ ಏನಂದ?... "ಇದು ಓಸ್ಮೆಲ್‌ದು, ಎಲ್ಲಾ ಕಡೆ ಓಪನ್ ಆಗೋ ಹಾಗೆ ಗಂಟು ಕಟ್ಟಿದ್ದಷ್ಟೇ ನಾನು" ಅಂದ್ನಾ?... ನನ್ನ ಹೆಸರೂ ಇತ್ತಾ? ದಪ್ಪ ಅಕ್ಷರದಲ್ಲಾ?...

ಹೋದ ವರ್ಷ ನಾನೇ ಅವನಿಗೆ ಒಂದು ಕಾಪಿ ಕೊಟ್ಟಿದ್ದೆ ಅತ್ತೆ. ಓಪನ್ ಆಗಲ್ಲ ಕಣೋ ಅಂದ. ಅಷ್ಟಕ್ಕೇ ಬೈದು ಕಳಿಸಿದ್ದೆ... ಮತ್ತೆ ಊರೆಲ್ಲ ಅವನ ಹೆಸರು ಯಾಕೆ ಹೇಳುತ್ತೆ?... ಹಾಂ. ಮನೆಗೆ ತಂದುಕೊಟ್ಟೋನು ಅವನು, ಅದಕ್ಕೇನಾ...

ಮಾಮ ಯಾಕೆ ಕೂಗ್ತಿದಾರೆ?... ಕಂಪ್ಯೂಟರಲ್ಲಿ ಹಕ್ಕಿಗಳು ಕಾಣ್ತಿಲ್ವಂತಾ?... ಕಾಣಲ್ಲ ಅತ್ತೆ. ಅವರು ತುಂಬಿದ್ದೆಲ್ಲಾ ಆ ಫೋಲ್ಡರಲ್ಲೇ ಇತ್ತು. ಅಪ್ಪ, ಅಮ್ಮ, ಅಜ್ಜಿ, ಎಲ್ಲಾ ಹಕ್ಕೀನೂ. ನಾನೇ ಅಳಿಸ್ದೆ, ಅವರ ಕೈಯಲ್ಲಿ... ಇಲ್ಲ, ವೈರಸ್ ಗಿರಸ್ ಏನೂ ಇರ್ಲಿಲ್ಲ. ಸುಳ್ಳು ಹೇಳ್ದೆ... ಬೈಯಿರಿ ಅತ್ತೆ, ಬೈಯಿರಿ, ಆದ್ರೆ ಬೇಗ ಬೈಯಿರಿ, ದುಡ್ಡು ಮುಗೀತಾ ಬಂತು...

ಏನು? ಸೋಮವಾರ ಸೋಮವಾರ ರೆಯ್ನಿಯರ್ ಆ ಫೋಲ್ಡರ್‌ದು ಒಂದು ನಕಲು ತಗೊಂಡು ಹೋಗ್ತಾನಾ? ಎಲ್ಲರ ಮನೇದೂ? ಅವನ ಹತ್ರ ಇದೆಯಾ?...

ಹಾಗಾದ್ರೆ ನಾನೇ ಫೋನ್ ಮಾಡಿ ಕೇಳ್ತೀನಿ. ಕಾಲಿಗೆ ಬೀಳು ಅಂದ್ರೂ ಬೀಳ್ತೀನಿ. ಅವನ ನಂಬರು ಹೇಳಿ... ನನ್ನ ಹತ್ರ ಇಲ್ಲ ಅತ್ತೆ. ಅದನ್ನೂ ನಾನೇ ಅಳಿಸಿದ್ದು... ಹೇಳಿ, ಬರ್ಕೋತೀನಿ. ಐದು... ಎರಡು... ಮುಂದೆ? ಅತ್ತೆ, ಮುಂದೆ? ಹಲೋ? ಮುಂದೆ ಏನ—