ಕರ್ಟನ್ ಎಳೆಯದ ಮನೆ

ನೆದರ್ಲೆಂಡ್ಸಿನ ಆಲ್ಮೆರೆ ಊರಿನ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಕನ್ನಡದಲ್ಲಿ ಮಾತಾಡುತ್ತಿದ್ದರು. ಕೇಳಬಾರದೆಂದುಕೊಂಡೇ ಕೇಳಿಸಿಕೊಂಡೆ.

“ಜಕಿಯಾ ಅಕ್ಕ, ಸಂಜೆ ನಿಮ್ಮನೇಲಿ ಕರ್ಟನ್ ಎಳೀತೀರಾ?”

“ಹ್ಞೂಂ, ಎಳೀತೀವಿ. ಯಾಕೆ ಅಕ್ಷಯಾ?”

“ಚೇತನ್ ಬಿಡಲ್ಲ. ಇಲ್ಲಿಯವರು ಯಾರೂ ಎಳೆಯಲ್ವಂತೆ. ಎಳೆದ್ರೆ ಒಳಗೆ ಏನೋ ನಡೀತಿದೆ ಅಂದ್ಕೋತಾರಂತೆ.”

“ಅಂದ್ಕೊಳ್ಳಲಿ ಬಿಡು.”

“ಊಟಕ್ಕೂ ಕಿಟಕಿ ಪಕ್ಕಾನೇ ಕೂರಬೇಕು. ಎದುರು ಮನೆ ಅಜ್ಜಿ ಹೋಗ್ತಾ ಕೈ ಬೀಸ್ತಾರೆ. ನಾವಿಬ್ರೂ ನಕ್ಕು ಕೈ ಬೀಸ್ತೀವಿ. ಅವರು ಆಚೆ ಹೋದ್ಮೇಲೆ ಅವನು ನನ್ನ ಮುಖಾನೂ ನೋಡಲ್ಲ. ಯುಗಾದಿಯಿಂದ ಒಂದು ಮಾತಿಲ್ಲ ಅಕ್ಕ.”

“ಅಯ್ಯೋ, ಗಂಡ ಹೆಂಡತಿ ಒಂದೇ ಮನೇಲಿದ್ದುಕೊಂಡು?”

“ಏನಿದ್ರೂ ಮೆಸೇಜೇ. ಅಳು ಬಂದ್ರೆ ಮೆಟ್ಟಿಲ ಕೆಳಗಿನ ಸ್ಟೋರ್‌ರೂಮಿಗೆ ಹೋಗ್ತೀನಿ. ಅಲ್ಲಿ ಕಿಟಕಿ ಇಲ್ಲ.”

“ಪುಟ್ಟೀನ ಕರ್ಕೊಂಡು ನಮ್ಮನೆಗೆ ಬಂದುಬಿಡು.”

“ನನಗೆ ಈ ದೇಶದಲ್ಲಿರೋಕೆ ಪರ್ಮಿಟ್ ಇರೋದೇ ಅವನ ಹೆಂಡತಿ ಅಂತ. ಹೊಸ್ತಿಲು ದಾಟಿದ್ರೆ ಬೆಂಗಳೂರಿಗೆ ಒಬ್ಬಳೇ ಹೋಗು, ಪುಟ್ಟೀನ ಮರೆತುಬಿಡು ಅಂತ ಮೆಸೇಜ್ ಹಾಕಿದಾನೆ.”

“ಆ ಅಜ್ಜಿಗಾದ್ರೂ ಹೇಳಬಾರದಾ?”

“ಮೊನ್ನೆ ಹೇಳೋಣ ಅಂತಾನೇ ಹೋದೆ. ಬಾಗಿಲು ತೆಗೆದವರೇ, ನಿಮ್ಮಷ್ಟು ಖುಷಿಯಾಗಿರೋ ಮನೆ ಈ ಬೀದೀಲೇ ಇಲ್ಲ, ದಿನಾ ನೋಡ್ತೀನಲ್ಲ, ಅಂದ್ರು.”

“ನೀನೇನಂದೆ?”

“ಥ್ಯಾಂಕ್ಸ್ ಅಂದೆ.”

ಮುಂದಿನ ಸ್ಟಾಪಿನಲ್ಲಿ ಇಬ್ಬರೂ ಇಳಿದರು. ಗಾಜಿನಾಚೆ ಅಕ್ಷಯಾ ಜಾಕೆಟ್ಟಿನ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಬಸ್ಸಿನೊಳಗಿಂದ ನಾನು ನೋಡುತ್ತಿರುವುದು ಕಂಡದ್ದೇ ತಡ, ನಕ್ಕು ಕೈ ಬೀಸಿದಳು.