ಶಾಂತಿನಾಥನ ಉಳಿ ಮುಟ್ಟಿದವರು

ಖಾನಾಪುರದ ಬಸ್ಸಿನಲ್ಲಿ ಅದೇ ಊರಿನ ಅಭಿಜಿತ ನಿದ್ದೆಯ ನಟನೆ ಮಾಡುತ್ತ ಕಿವಿಯನ್ನು ಮುಂದಿನ ಸೀಟಿಗೆ ಕಳಿಸಿದ್ದ. ಅಲ್ಲಿ ಬೆಳ್ಳಿ ಕೆತ್ತುವ ಶಾಂತಿನಾಥ, ಪಕ್ಕದಲ್ಲಿ ಸೊಸೆ ಶರ್ವರಿ.

“ಕೆತ್ತೂ ಮಷಿನ್ನು ಅಂಗೈಲೆ ಒತ್ತೂದಽ ತೊಗೊತೇನಿ. ನನ್ನ ಕೈಗೆ ಹೊಂದಿಸಿದ್ರ ಬ್ಯಾರೆಯವ್ರು ಮುಟ್ಟೂದಿಲ್ಲ.”

“ಕಾಲಿಲೆ ಒತ್ತೂ ಪೆಡಲ್ ಇರೂದು ಚಲೋರಿ ಮಾವಾರ. ಎಲ್ಲಾರಿಗೂ ಹೊಂದತೈತಿ.”

“ಎಲ್ಲಾರು ಅಂದ್ರ ಯಾರು? ಮೊದಲಽ ನನ್ನ ಉಳಿ ಯಾರೋ ಬ್ಯಾರೆ ನಮೂನಿ ಸಾಣಿ ಹಿಡದಾರ. ಕೆಲಸಕ್ಕ ಬರೂ ಜಿನೇಶನಽ ಇರಬೇಕು.”

“ಅಂವ ಎಡಗೈಲೆ ಕೆತ್ತೂದಿಲ್ಲಲ್ರಿ.”

“ಎಡಗೈ ಅಂತ ನಾ ಎಲ್ಲಿ ಅಂದೆ?”

ಶರ್ವರಿ ತನ್ನ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಯಾವಾಗ ಕೆತ್ತತಿ?”

“ನೀವು ಊಟ ಮಾಡಿ ಅಡ್ಡಾದಾಗ.”

ಖಾನಾಪುರ ಬಂತು. ಶಾಂತಿನಾಥ ಎದ್ದು ಬಾಗಿಲಿನತ್ತ ನಡೆದ.

“ಮನಿಗೆ ನಡಿ, ಕೆತ್ತಿದ್ದು ತೋರ್ಸು. ಚಲೋ ಇದ್ರ ಪೆಡಲ್ಲು, ಇಲ್ಲಾಂದ್ರ ಉಳಿ ಇಡೂ ಕಪಾಟಿಗೆ ಕೀಲಿ.”